ಹೆಸರು ಹಿಡಿದು ಮಾಡಿದ ಪ್ರಾರ್ಥನೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಆ ವರ್ಷ ಹುಮನಾಬಾದಿನಲ್ಲಿ ಮಳೆ ಜೂನ್ ಮೊದಲ ವಾರಕ್ಕೇ ಹಿಡಿಯಿತು ಎಂದು ನಾನು ಹತ್ತು ಜನರ ಮುಂದೆ ಹೇಳಿದ್ದೇನೆ. ಡೈರಿ ತೆಗೆದು ನೋಡಿದರೆ ಜೂನ್ ಮುಗಿಯುವವರೆಗೂ ಸೆಕೆಯ ಬಗ್ಗೆ ಗೊಣಗಿದ್ದೇನೆ. ಸುಂದರಬಾಯಿಯ ಸೀರೆ ಯಾವಾಗಲೂ ಹಸಿರು ಎಂದು ನನ್ನ ನೆನಪು. ಒಂದು ಸಲವೂ ಹಸಿರು ಉಟ್ಟಿರಲಿಲ್ಲ ಎಂದು ಅತ್ತೆ ಅನ್ನುತ್ತಾಳೆ. ಕಲಬುರಗಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುವಾಗ ನಮ್ಮ ಮೇಷ್ಟ್ರೊಬ್ಬರು, ಜನ ಹೇಳಿದ್ದನ್ನೆಲ್ಲ ಬರೆದುಕೊಳ್ಳಿ, ಆದರೆ ನೆನಪನ್ನು ಪುರಾವೆ ಎಂದು ಎಣಿಸಬೇಡಿ ಎಂದು ಎಚ್ಚರಿಸುತ್ತಿದ್ದರು. ಆಗ ಅದು ಬೇರೆಯವರ ನೆನಪಿನ ಬಗ್ಗೆ ಹೇಳಿದ ಮಾತು ಎಂದುಕೊಂಡಿದ್ದೆ.

ಸುಂದರಬಾಯಿ ಎನ್ನುವುದು ಅವಳ ನಿಜವಾದ ಹೆಸರೂ ಅಲ್ಲ. ಅವಳ ಹಳ್ಳಿಯ ಹೆಸರನ್ನೂ ಬರೆಯುವುದಿಲ್ಲ. ಚಿಟಗುಪ್ಪದಲ್ಲಿ ಬಸ್ ಬದಲಿಸಿ ಹೋಗಬೇಕಾದ ಊರು, ಅಷ್ಟು ಸಾಕು.

ಕಳೆದ ಮಳೆಗಾಲದಲ್ಲಿ ಅತ್ತೆಗೆ ಮೊಣಕಾಲಿನ ಆಪರೇಷನ್ ಆಯಿತು. ಅವಳು ನನ್ನ ಅಪ್ಪನ ಅಕ್ಕ, ಎಸ್ತೇರಬಾಯಿ. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಮಕ್ಕಳಿಲ್ಲ, ಮಾವ ತೀರಿಹೋಗಿ ಬಹಳ ವರ್ಷವಾಯಿತು. ನಾನು ರಾಯಚೂರಿನ ಕಾಲೇಜಿಗೆ ಎಂಟು ದಿನ ರಜೆ ಹಾಕಿ ಹುಮನಾಬಾದಿಗೆ ಹೋದೆ. ಭಾನುವಾರ ಬೆಳಿಗ್ಗೆ ಅವಳು ಮಂಚದಿಂದಲೇ, "ನನ್ನ ಬದಲಿ ನೀ ಹೋಗಿ ಕುಂತು ಬಾ" ಅಂದಳು. ದೇವಾಲಯದ, ಅಂದರೆ ನಮ್ಮ ಚರ್ಚಿನ, ಸೂರು ಸೋರುತ್ತಿದ್ದುದರಿಂದ ಆರಾಧನೆ ಹಿಂದಿನ ಹಾಲಿನಲ್ಲಿತ್ತು. ಬೆಂಚುಗಳಿಲ್ಲ, ನೆಲಕ್ಕೆ ಜಮಖಾನೆ. ಮಳೆಯಲ್ಲಿ ತೊಯ್ದು ಸರಿಯಾಗಿ ಒಣಗದ ಜಮಖಾನೆಗೆ ಒಂದು ವಾಸನೆ ಇರುತ್ತದೆ. ಹಸಿ ಹತ್ತಿ, ಇಲಿ, ಜನರ ಅಂಗಾಲಿನ ಕೆಂಪು ಮಣ್ಣು ಎಲ್ಲ ಸೇರಿದ್ದು. ಮೊದಲ ಕೀರ್ತನೆ ಮುಗಿಯುವುದರೊಳಗೆ ನಾನು ಅದೇ ಹಾಲಿನಲ್ಲಿ, ಅದೇ ಜಮಖಾನೆಯ ಮೇಲೆ, ಏಳು ವರ್ಷ ಹಿಂದಿನ ಮಳೆಗಾಲದಲ್ಲಿ ಕೂತಿದ್ದೆ.

ಆ ವರ್ಷ ನನಗೆ ಇಪ್ಪತ್ತೈದು. ಓದು ಮುಗಿದಿತ್ತು, ಕೆಲಸ ಇರಲಿಲ್ಲ. ಉಪನ್ಯಾಸಕರ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೆ. ಮನೆಯಲ್ಲಿ ಕೂತರೆ ಮದುವೆಯ ಮಾತು ಬರುತ್ತದೆ ಎಂದು ಅತ್ತೆಯ ಮನೆಗೆ ಬಂದೆ. ಅವಳು ಆಗ ನಮ್ಮ ಚರ್ಚಿನ ಸಭೆಯ ಸ್ತ್ರೀ ಸಮಾಜದ ಅಧ್ಯಕ್ಷೆ. ಬಂದ ಮೂರನೇ ದಿನವೇ ನನಗೊಂದು ಕೈಚೀಲ ಕೊಟ್ಟು ಚಿಟಗುಪ್ಪದ ಬಸ್ಸಿಗೆ ಹತ್ತಿಸಿದಳು.

ನಮ್ಮ ಸಭೆ ದೊಡ್ಡದಲ್ಲ. ನರ್ಸುಗಳು, ಶಾಲೆಯ ಮಾಸ್ತರುಗಳು, ಡ್ರೈವರುಗಳು, ಕಚೇರಿಯ ಜವಾನರು, ಅವರ ಮನೆಯವರು. ಬಸವಕಲ್ಯಾಣದಲ್ಲಿ ಅದರ ತಂಗಿಯಂಥ ಇನ್ನೊಂದು ಸಭೆ, ಇನ್ನೂ ಚಿಕ್ಕದು. ಎರಡೂ ಸೇರಿ ಹಳ್ಳಿಗಳಲ್ಲಿ ಏನಾದರೂ ಮಾಡುವುದು ಹಿಂದಿನಿಂದ ಬಂದದ್ದು. ಚಳಿಗಾಲಕ್ಕೆ ಚಾದರ ಹಂಚುವುದು, ಕಣ್ಣಿನ ತಪಾಸಣೆ, ಸಂಜೆಯ ಪಾಠ. ಆ ಊರಿಗೂ ಹಾಗೆಯೇ ಹೋಗುತ್ತಿದ್ದರು. ಅಲ್ಲಿ ಓಣಿಯ ತುದಿಯಲ್ಲಿ ಒಂದು ಸಣ್ಣ ಬುದ್ಧವಿಹಾರ, ಅದರ ಕಟ್ಟೆಯ ಮೇಲೆ ಮಕ್ಕಳಿಗೆ ಪಾಠ. ಓಣಿಯಲ್ಲಿ ಹಾಡುವುದಿಲ್ಲ, ಪುಸ್ತಕ ಕೊಡುವುದಿಲ್ಲ ಎಂಬುದು ಅತ್ತೆಯೇ ಹಾಕಿದ ನಿಯಮ. ಆದರೂ ನಾನು ಮೊದಲ ದಿನ ಹೋದಾಗ ಒಬ್ಬ ಮುದುಕ ಬೀಡಿ ಆರಿಸಿ ಕೇಳಿದ್ದ: "ಏನವ್ವಾ, ನಮಗ ನಿಮ್ಮಾಗ ಕರಕೊಳ್ಳಾಕ ಬಂದೀಯೇನು? ನಾವು ಈಗಾಗಲೇ ಒಂದ್ಸಲ ಬದಲಾಗೀವಿ ನೋಡು, ಮತ್ತ ಮತ್ತ ಆಗಲ್ಲ."

"ಇಲ್ರಿ ಕಾಕಾ, ಲೆಕ್ಕ ಕಲಸಾಕ ಬಂದೀನಿ."

"ಹಂಗಾದ್ರ ಕಲಸು. ಲೆಕ್ಕದಾಗ ಯಾವ ಜಾತಿ ಇಲ್ಲ."

ಆ ಓಣಿಗೂ ಅದರ ಮಣ್ಣು ಮಾಡುವ ಜಾಗಕ್ಕೂ ನಡುವೆ ಒಂದು ಹೊಲ. ಹೊಲದ ಬದುವಿನ ಮೇಲೆ ಹಿಂದೆ ಒಂದು ದಾರಿ ಇತ್ತು, ಹೆಣ ಹೊತ್ತು ನಾಲ್ಕು ಜನ ಸರಾಗವಾಗಿ ಹೋಗುವಷ್ಟು ಅಗಲ. ಎರಡು ವರ್ಷದ ಹಿಂದೆ ಹೊಲದ ಮಾಲಕರು ಬದು ಒಡೆದು ದಾರಿಯನ್ನೂ ಸೇರಿಸಿ ಸೋಯಾ ಬಿತ್ತಿದ್ದರು. ಉಳಿದ ಕಡೆಯಿಂದ ಹೋಗಬೇಕೆಂದರೆ ನಾಲಾ ದಾಟಬೇಕು. ಬೇಸಿಗೆಯಲ್ಲಿ ಅದು ಒಣ ತಗ್ಗು, ಮಳೆಗಾಲದಲ್ಲಿ ಸೊಂಟದ ಮಟ್ಟ ನೀರು. ನಾನು ಬರುವ ಹಿಂದಿನ ಮಳೆಗಾಲದಲ್ಲಿ ಸುಂದರಬಾಯಿಯ ಮೈದುನ ತೀರಿಕೊಂಡಿದ್ದ. ನಾಲಾದ ನಡುವೆ ಒಬ್ಬನ ಕಾಲು ಜಾರಿ ಚಟ್ಟ ಓರೆಯಾಗಿ ಹೆಣ ನೀರಿಗೆ ಬಿದ್ದಿತ್ತು. ದಡದಲ್ಲಿ ನಿಂತಿದ್ದ ತಾಯಿ ಅದನ್ನು ನೋಡಿದ್ದಳು. ಕಣ್ಣಿನ ತಪಾಸಣೆಗೆ ಅಲ್ಲಿಗೆ ಹೋಗಿದ್ದ ಅತ್ತೆಗೆ ಆ ತಾಯಿಯೇ ಇದನ್ನು ಹೇಳಿದಳಂತೆ. ಓಣಿಯವರೆಲ್ಲ ಅವಳನ್ನು ಆಯಿ ಎಂದು ಕರೆಯುತ್ತಿದ್ದರು.

"ಚಾದರ ಹೊಚ್ಚಿ ಬರೋದು ಸಲೀಸದ," ಎಂದು ಅತ್ತೆ ಸಮಾಜದ ಕೂಟದಲ್ಲಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕನಿಷ್ಠ ಆ ಧ್ವನಿಯಾದರೂ ನೆನಪಿದೆ. "ಸತ್ತವರಿಗೆ ದಾರಿ ಕೇಳೋದು ತ್ರಾಸಿಂದು. ಆದರ ಅವರು ನಮಗ ಕೇಳಿದ್ದು ಚಾದರ ಅಲ್ಲ, ದಾರಿ."

ತಹಶೀಲ ಕಚೇರಿಗೆ ಅರ್ಜಿ ಬರೆದದ್ದು ನಾನು. ಓಣಿಯವರ ಹೆಬ್ಬೆಟ್ಟು, ಸಹಿ ಹಾಕಿಸಿದ್ದು ನಾನು. ಮಾಲಕರ ಹೆಸರು ಎತ್ತದೆ, ಹಳೆಯ ದಾರಿಯನ್ನು ಗುರುತಿಸಿ ಕೊಡಿ ಎಂದಷ್ಟೇ ಕೇಳಿದ್ದೆವು. ಕಚೇರಿಯವರು ಒಳ್ಳೆಯ ಮಾತಿನಲ್ಲೇ ಹೇಳಿದರು: ಸ್ಥಳಕ್ಕೆ ಬಂದು ನೋಡುತ್ತೇವೆ, ಪಂಚನಾಮೆ ಮಾಡುತ್ತೇವೆ, ಆದರೆ ಓಣಿಯವರೇ ಒಬ್ಬರು ಮುಂದೆ ನಿಂತು ದಾರಿ ಇಲ್ಲಿಂದ ಇಲ್ಲಿಗೆ ಇತ್ತು ಎಂದು ತೋರಿಸಬೇಕು. ಅರ್ಜಿಗೆ ಹೆಬ್ಬೆಟ್ಟು ಒತ್ತುವುದು ಬೇರೆ, ಮಾಲಕರ ಎದುರು ಹೊಲದಲ್ಲಿ ನಿಂತು ಕೈ ಮಾಡಿ ತೋರಿಸುವುದು ಬೇರೆ. ಓಣಿಯ ಗಂಡಸರಲ್ಲಿ ಅರ್ಧ ಜನ ಅದೇ ಮಾಲಕರ ಆಳುಗಳು. ಹೆಂಗಸರು ಅಲ್ಲೇ ಕಳೆ ತೆಗೆಯುವವರು.

ನಾನು ವಾರಕ್ಕೆ ಎರಡು ಸಲ ಹೋಗುತ್ತಿದ್ದೆ. ಆಮೇಲೆ ಮೂರು ಸಲ. ಮಳೆ ಹಿಡಿದ ಮೇಲೆ ಜಡಿ ಬಿಡಲೇ ಇಲ್ಲ. ಬಸ್ಸಿನ ಕಿಟಕಿಯ ಗಾಜು ಮೇಲೇರದೆ ಎಡ ಮಗ್ಗುಲು ಪೂರ್ತಿ ತೊಯ್ಯುತ್ತಿತ್ತು. ರಸ್ತೆಯ ಎರಡೂ ಕಡೆ ಉದ್ದು, ಹೆಸರು, ಸೋಯಾ, ನಡುವೆ ತೊಗರಿಯ ಸಾಲು. ದೂರದಲ್ಲಿ ತಲೆಗೆ ಗೊಬ್ಬರದ ಚೀಲ ಕೊಂಚಿಗೆ ಮಾಡಿ ಹೊದ್ದು ಬಗ್ಗಿದ ಹೆಂಗಸರು. ಸಾಲು ಮುಗಿಯುವವರೆಗೂ ಯಾರೂ ತಲೆ ಎತ್ತುತ್ತಿರಲಿಲ್ಲ. ಅಷ್ಟು ಜನರನ್ನು ನೋಡುತ್ತಾ ಹೋಗುವ ನನಗೆ ಮಾತಾಡಲು ಯಾರೂ ಇರಲಿಲ್ಲ. ಗೆಳತಿಯರು ಕಲಬುರಗಿಯಲ್ಲಿ ಉಳಿದಿದ್ದರು. ಓಣಿಯಲ್ಲಿ ನಾನು ಹುಮನಾಬಾದಿನ ಅಕ್ಕೋರು, ಹುಮನಾಬಾದಿನಲ್ಲಿ ಎಸ್ತೇರಬಾಯಿಯ ತಮ್ಮನ ಮಗಳು.

ಸುಂದರಬಾಯಿ ಒಪ್ಪಿದ್ದು ಜುಲೈಯಲ್ಲಿ, ಕೈಪಂಪಿನ ಹತ್ತಿರ. ನಲವತ್ತರ ಹೆಂಗಸು, ಸಣ್ಣ ದೇಹ, ಮಾತಿಗಿಂತ ಮೊದಲು ನಗುವವಳು. ಅವಳ ಗಂಡ ಆ ಮಾಲಕರ ಮನೆಯಲ್ಲಿ ಸಾಲಗಡಿ, ಅಂದರೆ ಯುಗಾದಿಯಿಂದ ಯುಗಾದಿಗೆ ಗೊತ್ತಾದ ವರ್ಷದ ಆಳು. ನಡುವರ್ಷದಲ್ಲಿ ಬಿಡಿಸಿದರೆ ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲ.

"ನಾ ತೋರಸ್ತೀನ್ರಿ ಅಕ್ಕೋರ," ಅಂದಳು. ಪಂಪು ಒತ್ತುವುದನ್ನು ನಿಲ್ಲಿಸಲಿಲ್ಲ. ಆ ಕರ್ಕಶ ಸದ್ದಿನಲ್ಲಿ ಬೇರೆಯವರಿಗೆ ಕೇಳಿಸಬಾರದೆಂದೇ ಹಾಗೆ ಮಾಡಿದಳು ಎಂದು ಆಮೇಲೆ ಹೊಳೆಯಿತು. "ನಮ್ಮ ಆಯಿ ದಿನಾ ಒಂದೇ ಹೇಳತಾಳ. ನನಗ ನಾಲಾದಾಗ ಒಯ್ಯಬ್ಯಾಡ್ರಿ, ನನ ಮಗಾ ಬಿದ್ದಲ್ಲಿ ನಾ ದಾಟಲ್ಲ ಅಂತಾಳ. ಈ ಮಳಿಗಾಲ ಆಕಿ ದಾಟಂಗ ಕಾಣಲ್ಲ. ನಾ ಸೊಸಿ ಆಗಿ ಬಂದಾಗಿಂದ ಆ ದಾರಿಲೇ ಹೋಗೀನಿ, ಕಣ್ಣು ಮುಚ್ಚಿ ತೋರಸ್ತೀನಿ. ಖರೇ ಆ ದಿವಸ ಬರೂತನ ನನ ಹೆಸರು ಯಾರ ಬಾಯಾಗೂ ಬರಬಾರದು. ನನ ಗಂಡಗೂ ಹೇಳಿಲ್ಲ."

"ಯಾರಿಗೂ ಹೇಳಲ್ಲ ಅಕ್ಕಾ."

"ನಿಮ್ಮ ಅತ್ತಿಯವರಿಗೂ?"

"ಅವರಿಗೂ ಇಲ್ಲ."

ಹೀಗೆ ಹೇಳಿದ್ದು ಖಂಡಿತ. ಅವತ್ತಿನ ಡೈರಿಯಲ್ಲೂ ಇದೆ. ನನ್ನನ್ನು ನಂಬಿದ್ದಕ್ಕೆ ಎಷ್ಟು ಉಬ್ಬಿದ್ದೆನೆಂದರೆ ಒಂದು ಪುಟ ಪೂರ್ತಿ ಬರೆದಿದ್ದೇನೆ.

ಸ್ಥಳ ತನಿಖೆ ಬುಧವಾರ ಎಂದು ಗೊತ್ತಾಯಿತು. ಸ್ತ್ರೀ ಸಮಾಜದವರು ಸೋಮವಾರ ಸರಪಳಿ ಪ್ರಾರ್ಥನೆ ಇಟ್ಟರು. ಗೊತ್ತಿಲ್ಲದವರಿಗೆ ಹೇಳಬೇಕು: ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಹನ್ನೆರಡು ಮನೆಗಳು, ಒಂದೊಂದು ಮನೆಗೆ ಒಂದೊಂದು ತಾಸು. ತಮ್ಮ ತಾಸಿನಲ್ಲಿ ಆ ಮನೆಯವರು ಒಂದೇ ವಿಷಯ ಹಿಡಿದು ಪ್ರಾರ್ಥಿಸಬೇಕು. ಮುಗಿಸಿ ಮುಂದಿನ ಮನೆಗೆ ತಿಳಿಸಬೇಕು, ಕೊಂಡಿ ಕಡಿಯಬಾರದು. ಹುಮನಾಬಾದಿಗೆ ಆರು ಮನೆ, ಬಸವಕಲ್ಯಾಣಕ್ಕೆ ಆರು. ಯಾವ ಮನೆ, ಯಾವ ತಾಸು, ಯಾವ ವಿಷಯ ಎಂದು ಚೌಕ ಎಳೆದು ಬರೆದ ಹಾಳೆ ಎರಡು ಪ್ರತಿ. ಫೋಟೋ ತೆಗೆದು ಫೋನಿನಲ್ಲಿ ಕಳಿಸಿದರೆ ಮುಗಿಯಿತಲ್ಲ ಎಂದೆ. ಅತ್ತೆ ಬೇಡವೆಂದಳು. "ಫೋನಿನಾಗ ಹಾಕಿದ್ರ ಊರೆಲ್ಲ ತಿರಗತದ. ಹಾಳಿ ಕೈಯಿಂದ ಕೈಗೆ ಹೋಗಲಿ." ಅಷ್ಟು ಜಾಗರೂಕತೆ ನಮಗಿತ್ತು. ಭಾನುವಾರ ಮಧ್ಯಾಹ್ನ ಅವಳೇ ಬಸ್ಸಿಗೆ ಹೋಗಿ ಬಸವಕಲ್ಯಾಣದ ಪ್ರತಿಯನ್ನು ಕೊಟ್ಟು ಬಂದಳು.

ಆ ಹಾಳೆಯಲ್ಲಿ ಹೀಗಿತ್ತು: ದಾರಿಯ ಸಾಕ್ಷಿ ಹೇಳಲಿರುವ ಸಹೋದರಿ ಸುಂದರಬಾಯಿಗೆ ಬುಧವಾರ ಧೈರ್ಯ ಕೊಡುವಂತೆ. ಹಳ್ಳಿಯ ಹೆಸರೂ ಇತ್ತು.

ನಮ್ಮಲ್ಲಿ ಹೆಸರು ಹಿಡಿದೇ ಪ್ರಾರ್ಥಿಸಬೇಕು. ಯಾರೋ ಒಬ್ಬ ರೋಗಿ, ಯಾರೋ ಒಬ್ಬ ವಿದ್ಯಾರ್ಥಿ ಎಂದರೆ ಹಿರಿಯರು ಒಪ್ಪುವುದಿಲ್ಲ. "ಹೆಸರಿಲ್ಲದ ಪ್ರಾರ್ಥನಾ ಅಂದ್ರ ವಿಳಾಸ ಇಲ್ಲದ ಕಾಗದ" ಎಂದು ಅತ್ತೆ ನಾನು ಚಿಕ್ಕವಳಿದ್ದಾಗಿನಿಂದ ಹೇಳುತ್ತಾಳೆ. ನನ್ನ ಪರೀಕ್ಷೆಗಳಿಗೆ ಹೆಸರು, ಕ್ರಮಸಂಖ್ಯೆ ಎರಡನ್ನೂ ದೇವರಿಗೆ ಹೇಳಿ ಪ್ರಾರ್ಥಿಸಿದವಳು ಅವಳು. ಹಾಗಾಗಿ ಹಾಳೆಯ ಮೇಲೆ ಹೆಸರಿದ್ದದ್ದು ಹನ್ನೆರಡು ಮನೆಗಳಲ್ಲಿ ಒಬ್ಬರಿಗೂ ವಿಚಿತ್ರ ಅನ್ನಿಸಲಿಲ್ಲ. ಇಲ್ಲದಿದ್ದರೆ ಕೇಳುತ್ತಿದ್ದರು.

ಬಸವಕಲ್ಯಾಣದಲ್ಲಿ ಮೂರರಿಂದ ನಾಲ್ಕರ ತಾಸು ಮಾರ್ಥಜ್ಜಿಯದು. ಎಂಬತ್ತು ದಾಟಿದ ಮುದುಕಿ, ಕಿವಿ ಮಂದ. ಕಿವಿ ಮಂದವಾದವರು ಗಟ್ಟಿಯಾಗಿ ಮಾತಾಡುವುದು ಎಲ್ಲರಿಗೂ ಗೊತ್ತು. ಮಾರ್ಥಜ್ಜಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು. "ನಮ್ಮ ಅಜ್ಜಿ ಪ್ರಾರ್ಥನಾ ಪರಲೋಕಕ್ಕ ಹೋಗೂಕಿಂತ ಮೊದಲ ಬಸ್ ಸ್ಟ್ಯಾಂಡಿಗೆ ಮುಟ್ಟತದ" ಎಂದು ಅವಳ ಸೊಸೆಯೇ ನಗಾಡುತ್ತಿದ್ದಳು. ಆ ಮನೆಯ ಮೇಲಿನ ಖೋಲಿಯಲ್ಲಿ ಬೀಜ ಗೊಬ್ಬರದ ಅಂಗಡಿಯ ಒಬ್ಬ ಯುವಕ ಬಾಡಿಗೆಗಿದ್ದ. ಅವನು ಹೊಲದ ಮಾಲಕರ ತಂಗಿಯ ಮಗ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊಟ ಮಾಡಿ ಅಡ್ಡಾಗಿದ್ದವನಿಗೆ ಕಿಟಕಿಯಿಂದ ತನ್ನ ಸೋದರಮಾವನ ಊರಿನ ಹೆಸರು ಕೇಳಿತು, ಸುಂದರಬಾಯಿಯ ಹೆಸರು ಕೇಳಿತು, ಬುಧವಾರ ಎಂದೂ ಕೇಳಿತು. ಕೆಟ್ಟ ಮನಸ್ಸಿನಿಂದ ಮಾಡಿದ್ದೇನಲ್ಲ. ಆಮೇಲೆ ನಮ್ಮ ಸಭೆಯ ಪಾದ್ರಿ ಅಯ್ಯನವರ ಮುಂದೆ ಅವನೇ ಹೇಳಿದ: "ಅಜ್ಜಿ ಕರದು ಕರದು ಹೇಳಾಕತ್ತಿದ್ಲು ಸರ್. ನಾ ಮಾಮಾಗ ಫೋನ್ ಹಚ್ಚಿದಾಗ ಸಹಜ ಕೇಳ್ದೆ, ಆ ಸುಂದರಬಾಯಿ ಯಾರು, ಬುಧವಾರ ನಿಮ್ಮಲ್ಲಿ ಏನದ ಅಂತ."

ಮಂಗಳವಾರ ಬೆಳಿಗ್ಗೆ ಸುಂದರಬಾಯಿಯ ಗಂಡ ಕೊಟ್ಟಿಗೆಗೆ ಹೋದಾಗ ಮಾಲಕರು, ನಿನ್ನ ಹೆಂಡತಿ ನಾಳೆ ಮಾತಾಡಿದರೆ ನಾಡಿದ್ದಿನಿಂದ ನೀನು ಬರಬೇಡ ಎಂದರಂತೆ. ಓಣಿಯ ಕಳೆಯ ಹೆಂಗಸರಿಗೂ ಅದೇ ಮಾತು. ಸಂಜೆಯ ಹೊತ್ತಿಗೆ ಅವಳನ್ನು ಸುಮ್ಮನಿರಿಸುವುದಕ್ಕೆ ಮಾಲಕರ ಕಡೆಯವರು ಯಾರೂ ಬರಬೇಕಾಗಿರಲಿಲ್ಲ. ಓಣಿಯವರೇ ಅವಳ ಬಾಗಿಲಲ್ಲಿ ಕೂತಿದ್ದರು.

ಇದೊಂದೂ ಗೊತ್ತಿಲ್ಲದೆ ಬುಧವಾರ ನಾನು ಚಿಟಗುಪ್ಪದಲ್ಲಿ ಬಸ್ ಬದಲಿಸಿ ಹೋದೆ. ಮಳೆ ನಿಂತಿತ್ತು, ಅದೊಂದು ಶುಭ ಎಂದುಕೊಂಡಿದ್ದೆ. ಹೊಲದಲ್ಲಿ ಕಚೇರಿಯ ಮೂವರು, ಮಾಲಕರು, ಅವರ ಹಿಂದೆ ಆಳುಗಳು. ಮಾಲಕರು ನನಗೂ ನಮಸ್ಕಾರ ಮಾಡಿದರು, "ಚಹಾ ಆಯ್ತೇನ್ರಿ" ಎಂದು ಕೇಳಿದರು. ಸೋಯಾ ಮೊಣಕಾಲಿನ ಎತ್ತರ ಬಂದಿತ್ತು. ದಾರಿ ಇದ್ದ ಗುರುತು ಒಂದೂ ಇರಲಿಲ್ಲ.

"ಓಣಿಯವರು ಯಾರಾದರೂ ತೋರಸ್ತೀರೇನು?" ಎಂದು ಅಧಿಕಾರಿ ಕೇಳಿದರು. ಎರಡನೇ ಸಲವೂ ಕೇಳಿದರು, ಸ್ವಲ್ಪ ದೊಡ್ಡದಾಗಿ. ಬೀಡಿ ಮುದುಕ ನೆಲ ನೋಡುತ್ತಿದ್ದ. ನಾನು ಓಣಿಯ ಕಡೆಗೇ ನೋಡುತ್ತಿದ್ದೆ. ಸುಂದರಬಾಯಿಯ ಮನೆಯ ಬಾಗಿಲು ಹಾಕಿತ್ತು. ಬಾಗಿಲ ಹೊರಗೆ ಆಯಿ ಒಬ್ಬಳೇ ಗೋಡೆಗೊರಗಿ ಕೂತಿದ್ದಳು. ಅಷ್ಟು ದೂರಕ್ಕೆ ಅವಳಿಗೆ ನಾವೆಲ್ಲ ಕಾಣುತ್ತಿದ್ದೆವೋ ಇಲ್ಲವೋ.

ನಾನು ತೋರಿಸಬಹುದಿತ್ತೆ? ನಾನು ಆ ದಾರಿಯಲ್ಲಿ ಒಂದು ದಿನವೂ ನಡೆದವಳಲ್ಲ. ಪಂಚನಾಮೆಯಲ್ಲಿ ದಾರಿ ಕಂಡುಬಂದಿಲ್ಲ ಎಂದು ಬರೆದರು. ಕಂಡದ್ದನ್ನೇ ಬರೆದರು.

ವಾಪಸು ಬಂದು ಅಡುಗೆಮನೆಯಲ್ಲಿ ನಿಂತು ಅತ್ತೆಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಅರ್ಧ ಬಡಿದ ರೊಟ್ಟಿಯನ್ನು ಮುದ್ದೆ ಮಾಡಿ ಮತ್ತೆ ಹಿಟ್ಟಿಗೆ ಸೇರಿಸಿದಳು. ಅವತ್ತು ನಾವು ಊಟ ಮಾಡಿದೆವೋ ಇಲ್ಲವೋ ನೆನಪಿಲ್ಲ.

ಹೇಗಾಯಿತು ಎಂದು ತಿಳಿಯಲು ಅಯ್ಯನವರಿಗೆ ಎರಡು ದಿನ ಹಿಡಿಯಿತು. ತಿಳಿದ ಮೇಲೆ ಸಿಟ್ಟು ಮಾಡಲು ಯಾರೂ ಸಿಗಲಿಲ್ಲ. ಮಾರ್ಥಜ್ಜಿಗೆ ಹೇಳಬಾರದೆಂದು ಎಲ್ಲರೂ ತೀರ್ಮಾನಿಸಿದರು. ಅವಳು ಕೊನೆಯವರೆಗೂ ಕೇಳುತ್ತಿದ್ದಳಂತೆ, ಆ ಸಹೋದರಿಗೆ ದಾರಿ ಸಿಕ್ಕಿತೇನು ಎಂದು. ಆದರೆ ಹಾಳೆಯ ಮೇಲೆ ಹೆಸರು ಬಂದದ್ದು ಹೇಗೆ? ಅದನ್ನು ಯಾರೂ ನೇರವಾಗಿ ಕೇಳಲಿಲ್ಲ. ಎಲ್ಲರೂ ನಮ್ಮ ಮನೆಯ ಕಡೆ ನೋಡುವುದನ್ನು ಮಾತ್ರ ಸ್ವಲ್ಪ ಕಡಿಮೆ ಮಾಡಿದರು.

ಮುಂದಿನ ಭಾನುವಾರ, ಅಯ್ಯನವರ ಪ್ರಸಂಗ ಮುಗಿದ ಮೇಲೆ, ಅತ್ತೆ ಎದ್ದು ನಿಂತಳು. ಆವತ್ತೂ ಆರಾಧನೆ ಹಿಂದಿನ ಹಾಲಿನಲ್ಲೇ ಇತ್ತು. ಜಮಖಾನೆಯ ಮೇಲೆ ಹೆಂಗಸರ ನಡುವೆ ಅವಳು ಮೊದಲು ಒಂದು ಕೈ ಊರಿ, ಆಮೇಲೆ ನನ್ನ ಹೆಗಲು ಹಿಡಿದು ಎದ್ದಳು.

"ಆ ಹೆಣ್ಣಮಗಳ ಹೆಸರು ಹಾಳಿ ಮ್ಯಾಲ ಹಾಕಿದಾಕಿ ನಾ," ಅಂದಳು. "ಹಾಕಬ್ಯಾಡ ಅಂತ ಗೊತ್ತಿತ್ತು. ಹಾಕಿದೆ. ತಪ್ಪು ನಂದು. ನಾಳಿಯಿಂದ ಸಮಾಜದ ಅಧ್ಯಕ್ಷಿ ನಾ ಅಲ್ಲ."

ಅಯ್ಯನವರು, "ಕರ್ತನು ಕ್ಷಮಿಸುವವನಾಗಿದ್ದಾನೆ, ಅಮ್ಮಾ, ಕೂಡ್ರಿ" ಅಂದರು. ಯಾರೋ ಒಂದು ಕೀರ್ತನೆ ಎತ್ತಿದರು. ನನಗೆ ಆ ಕ್ಷಣ ಆದದ್ದು ಹಗುರ. ಇದನ್ನು ನೆನಪಿನಿಂದ ಹೇಳುತ್ತಿಲ್ಲ, ಡೈರಿಯಲ್ಲಿದೆ: "ನನ್ನಿಂದಲ್ಲ. ನಾನೇ ಇರಬಹುದೆಂದು ನಾಲ್ಕು ದಿನ ಹೆದರಿದ್ದೆ." ಏಕೆ ಹೆದರಿದ್ದೆ, ಅತ್ತೆಗೆ ಹೆಸರು ಹೇಗೆ ಗೊತ್ತಾಯಿತು, ಅದನ್ನು ಬರೆದಿಲ್ಲ. ಮಾತಿನ ನಡುವೆ ನಾನೇ ಬಾಯಿಬಿಟ್ಟಿರಬೇಕು ಎಂದುಕೊಂಡೆ. ಹಾಗೆ ಬಾಯಿಬಿಟ್ಟ ದೃಶ್ಯ ಎಷ್ಟು ಹುಡುಕಿದರೂ ನನ್ನ ತಲೆಯಲ್ಲಿ ಇರಲಿಲ್ಲ. ಇಲ್ಲದ್ದರಿಂದ ನೆಮ್ಮದಿಯೇ ಆಯಿತು.

ಆಮೇಲಿನ ದಿನಗಳಲ್ಲಿ ಆ ಎರಡು ಖೋಲಿಯ ಮನೆಯಲ್ಲಿ ನಾವಿಬ್ಬರೂ ಊಟ, ನೀರು, ಸಿಲಿಂಡರ್ ಬಿಟ್ಟು ಬೇರೆ ಮಾತಾಡಲಿಲ್ಲ. ನನಗೆ ಅವಳ ಮೇಲೆ ಸಿಟ್ಟಿತ್ತು. ಅಷ್ಟು ಓದಿಕೊಂಡ ನಾನು ಬಾಯಿ ಮುಚ್ಚಿಕೊಂಡಿದ್ದೆ, ಮೂವತ್ತು ವರ್ಷ ರೋಗಿಗಳ ಗುಟ್ಟು ಕಾಯ್ದ ನರ್ಸಿಗೆ ಇದೊಂದನ್ನು ಕಾಯಲಾಗಲಿಲ್ಲವೇ ಎಂದು. ಅವಳು ಆರಾಧನೆಗೆ ತಡವಾಗಿ ಹೋಗಿ ಬಾಗಿಲ ಹತ್ತಿರ ಕೂರತೊಡಗಿದಳು. ನಾನು ಮುಂದೆ ಕೂರುತ್ತಿದ್ದೆ. ಹಿಂದಿರುಗಿ ಬರುವಾಗ ಹೆದ್ದಾರಿಯ ಲಾರಿಗಳ ಪಕ್ಕದಲ್ಲಿ ಇಬ್ಬರೂ ಹತ್ತು ಮಾರು ಅಂತರದಲ್ಲಿ ನಡೆಯುತ್ತಿದ್ದೆವು, ಒಂದೇ ಮನೆಗೆ.

ಓಣಿಗೆ ಹೋಗುವುದನ್ನು ನಾನು ಬಿಡಲಿಲ್ಲ. ಮಕ್ಕಳು ಬರುವುದನ್ನು ಬಿಟ್ಟವು. ವಿಹಾರದ ಕಟ್ಟೆಯ ಮೇಲೆ ಒಂದು ತಾಸು ಒಬ್ಬಳೇ ಕೂತು, ಮಳೆ ನೋಡಿ, ಬಸ್ಸಿಗೆ ಬರುತ್ತಿದ್ದೆ. ಯಾರೂ ಬೈಯಲಿಲ್ಲ. ಚಹಾ ಕೂಡ ಕೊಟ್ಟರು.

ಆಗಸ್ಟ್ ಕೊನೆಯಲ್ಲಿ ಆಯಿ ತೀರಿಕೊಂಡಳು. ಅಯ್ಯನವರು, ಸಭೆಯ ಐದಾರು ಗಂಡಸರು, ಅತ್ತೆ, ನಾನು ಹೋದೆವು. ಓಣಿಯವರು ತಮ್ಮ ಬುದ್ಧ ವಂದನೆಗಳನ್ನು ಹೇಳಿ ಮುಗಿಸುವವರೆಗೂ ನಾವು ತಲೆ ತಗ್ಗಿಸಿ ನಿಂತೆವು. ನಾಲಾ ಎದೆಮಟ್ಟ ಹರಿಯುತ್ತಿತ್ತು. ಗಂಡಸರು ಎರಡು ಸಾಲಾಗಿ ಕೈ ಕೈ ಹಿಡಿದು ನೀರಿನಲ್ಲಿ ನಿಂತರು, ನಮ್ಮವರು, ಅವರವರು. ಚಟ್ಟವನ್ನು ತಲೆಯ ಮೇಲೆ ಎತ್ತಿ ಕೈಯಿಂದ ಕೈಗೆ ದಾಟಿಸಿದರು. ಓರೆಯಾಗಲಿಲ್ಲ. ಅಯ್ಯನವರ ಬಿಳಿ ಅಂಗಿ ಕೆಸರಾಗಿತ್ತು. ಆದರೂ ಆಯಿ ಬೇಡವೆಂದ ಜಾಗದಲ್ಲೇ ಅವಳನ್ನು ದಾಟಿಸಿದ್ದು.

ಹೆಂಗಸರು ಈ ದಡದಲ್ಲೇ ಉಳಿದೆವು. ಸುಂದರಬಾಯಿ ನನ್ನ ಹತ್ತಿರ ಬಂದು ನಿಂತಳು. ಆ ಬುಧವಾರದ ನಂತರ ಅವಳು ನನ್ನ ಜೊತೆ ಮಾತಾಡಿದ್ದು ಅದೇ ಮೊದಲು. ಅಳುತ್ತಿರಲಿಲ್ಲ.

"ಅಕ್ಕೋರ, ನೀವು ನನ ಹೆಸರು ದೇವರಿಗೆ ಹೇಳಿದ್ರಂತ."

ನಾನು ನೀರಿನ ಕಡೆ ನೋಡಿದೆ.

"ದೇವರಿಗೆ ಗೊತ್ತಿದ್ದಿಲ್ಲೇನ್ರಿ?"

ವ್ಯಂಗ್ಯವಾಗಿ ಕೇಳಿದಳೋ, ನಿಜವಾಗಿ ತಿಳಿಯಲು ಕೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅತ್ತೆ ನಾಲ್ಕು ಹೆಜ್ಜೆ ಆಚೆ ಇದ್ದಳು, ಅವಳಿಗೆ ಕೇಳಿಸಿತು. ಅವಳು ಮುಂದೆ ಬಂದು, ನನ್ನ ಮತ್ತು ಸುಂದರಬಾಯಿಯ ನಡುವೆ ನಿಂತು, "ನನಗ ಅನ್ನವ್ವಾ, ಆ ಪೋರಿಗಿ ಅನಬ್ಯಾಡ" ಅಂದಳು. ಸುಂದರಬಾಯಿ ಹೋಗಿ ಬೇರೆ ಹೆಂಗಸರ ನಡುವೆ ಕೂತಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಅಕ್ಟೋಬರಿನಲ್ಲೋ ನವೆಂಬರಿನಲ್ಲೋ ಸಭೆಯ ಸುಗ್ಗಿ ಹಬ್ಬವಾಯಿತು. ಜೋಳ, ಕುಂಬಳ, ಕೋಳಿ, ಮನೆಮನೆಯಿಂದ ತಂದದ್ದನ್ನು ಹರಾಜು ಕೂಗಿ ನಗುತ್ತಿದ್ದರು. ಸ್ತ್ರೀ ಸಮಾಜಕ್ಕೆ ಹೊಸ ಅಧ್ಯಕ್ಷೆ ಬಂದಿದ್ದರು, ಆ ವರ್ಷ ಮತ್ತೆ ಚಾದರ ಹಂಚುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ನನ್ನ ನೇಮಕದ ಪತ್ರ ಬಂತು. ಬಸ್ ನಿಲ್ದಾಣಕ್ಕೆ ಅತ್ತೆ ಬಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕೊಟ್ಟಳು. ನಾನು ಅವಳನ್ನು ಕ್ಷಮಿಸಿದವಳ ಹಾಗೆ ಬೀಳ್ಕೊಂಡೆ. ಆ ಮುಖಭಾವ ನನಗೆ ಚೆನ್ನಾಗಿ ನೆನಪಿದೆ, ಒಳಗಿನಿಂದ ಹೇಗಿತ್ತು ಎಂಬುದು.

ಮೊಣಕಾಲಿನ ಆಪರೇಷನ್ನಿಗೆಂದು ಈ ಸಲ ಹೋದಾಗ, ನಾಲ್ಕನೇ ದಿನ, ಅತ್ತೆ ತನ್ನ ದವಾಖಾನೆಯ ಕಾಗದ ಹುಡುಕಿ ಕೊಡೆಂದಳು. ವಿಮೆಗೆ ಹಳೆಯವೂ ಬೇಕಾಗಿದ್ದವು. ಟ್ರಂಕಿನಲ್ಲಿ ಒಂದು ಕಣ್ಣಿನ ಆಸ್ಪತ್ರೆಯ ಫೈಲು ಸಿಕ್ಕಿತು. ಆ ವರ್ಷದ್ದೇ. ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿನಲ್ಲಿ ಹಣ್ಣಾಗಿದೆ, ಓದಲು ಬರೆಯಲು ಆಗುತ್ತಿಲ್ಲ ಎಂದು ಮೇ ತಿಂಗಳಲ್ಲಿ ಬರೆದದ್ದು. ಆಪರೇಷನ್ ಆದದ್ದು ಡಿಸೆಂಬರಿನಲ್ಲಿ, ನಾನು ಹೋದ ಮೇಲೆ. ಫೈಲಿನ ಕೆಳಗೆ ಸ್ತ್ರೀ ಸಮಾಜದ ಹಳೆಯ ನಡಾವಳಿ ಪುಸ್ತಕ. ಆ ಮಳೆಗಾಲದ ಪುಟಗಳನ್ನು ತಿರುವಿದೆ. ಜೂನ್, ಜುಲೈ, ಅವಳು ಅಧ್ಯಕ್ಷಗಿರಿ ಬಿಡುವವರೆಗೆ. ಹಾಜರಿ, ತೀರ್ಮಾನ, ಹಿಂದಿನ ಸರಪಳಿಗಳ ಚೌಕಗಳು, ಎಲ್ಲ ನನ್ನ ಅಕ್ಷರ. ಅತ್ತೆಯದೆಂದರೆ ಪ್ರತಿ ಪುಟದ ಕೆಳಗೆ ಒಂದು ಸಹಿ, ಅದೂ ಗೆರೆ ಬಿಟ್ಟು ಓರೆಯಾಗಿ ಇಳಿದದ್ದು. ಚೌಕದೊಳಗೆ ಒಂದು ಹೆಸರು ಬರೆಯುವ ಕಣ್ಣು ಆಗ ಅವಳಿಗಿರಲಿಲ್ಲ.

ಆ ಭಾನುವಾರದ ಎರಡು ಹಾಳೆ ಈಗಿಲ್ಲ. ಗಲಾಟೆಯಾದ ಮೇಲೆ ಅತ್ತೆ ಎರಡನ್ನೂ ವಾಪಸು ತರಿಸಿ ಒಲೆಗೆ ಹಾಕಿದ್ದಳು. ಹಿಂದಿನ ದಿನದ, ಅಂದರೆ ಶನಿವಾರದ, ಡೈರಿ ನನ್ನ ಬಳಿ ಇದೆ: "ಹಾಳೆ ಮುಗಿಯಿತು. ಕರೆಂಟ್ ಹೋಯಿತು. ಮೆಣಸಿನಕಾಯಿ ಭಜಿ." ನಾನು ಪೆನ್ನು ಹಿಡಿದು ಕೂತದ್ದು ನೆನಪಾಗುತ್ತದೆಯೇ ಎಂದು ಉಳಿದ ದಿನಗಳೆಲ್ಲ ಪ್ರಯತ್ನಿಸಿದೆ. ಈಗ ಒಂದು ದೃಶ್ಯ ಕಾಣುತ್ತದೆ. ಅತ್ತೆ ಗೋಡೆಗೊರಗಿ, ಬರಿ, ಆ ಹೆಣ್ಣಮಗಳಿಗೆ ಧೈರ್ಯ ಕೊಡಲಿ ಅಂತ ಬರಿ ಅನ್ನುತ್ತಾಳೆ. ನನ್ನ ಕೈ ಬಾಲ್ಯದಿಂದ ರೂಢಿಯಾದಂತೆ ಸಹೋದರಿ ಎಂಬುದರ ಮುಂದೆ ಹೆಸರನ್ನು ತುಂಬಿ ಮುಂದೆ ಹೋಗುತ್ತದೆ. ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ ಅದನ್ನು ನಾನು ಈಗ ಕಟ್ಟಿಕೊಂಡಿರಬೇಕು ಎಂದು ಅನುಮಾನ ಬರುತ್ತದೆ.

ಹೊರಡುವ ದಿನ ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ನಾನು ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದೆ. ಫೈಲಿನ ಮಾತು ಎತ್ತಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಅತ್ತಿ, ಆವತ್ತು ನೀ ಎದ್ದು ನಿಂತು, ಹೆಸರು ಹಾಕಿದಾಕಿ ನಾ ಅಂತ ಅಂದದ್ದು ನನ್ನ ಸಲುವಾಗಿ ಏನು?"

ಅವಳು ಪಟ್ಟಿ ಬಿಗಿಯಾಯಿತು, ತುಸು ಸಡಿಲ ಮಾಡು ಅಂದಳು. ಸಡಿಲ ಮಾಡಿದೆ. ಆಮೇಲೆ, ಬಸ್ಸು ಎಷ್ಟಕ್ಕದ ಎಂದು ಕೇಳಿದಳು. ರಾಯಚೂರಿಗೆ ಬಂದ ಮೇಲೆ ಫೋನಿನಲ್ಲಿ ಇನ್ನೊಂದು ಸಲ ಕೇಳಿದ್ದೇನೆ. ನಡೆಯಲು ಆಗುತ್ತಿದೆ, ಕೋಲು ಬಿಟ್ಟಿದ್ದೇನೆ ಅನ್ನುತ್ತಾಳೆ. ಈ ಭಾನುವಾರವೂ ಕೇಳಿದೆ.